ಕಾರಿಗೆ ಹೇಳಿದ ಮಾತು

ಬೆಂಗಳೂರಿನಲ್ಲಿ ಒಂದು ಕಾರು ಒಬ್ಬ ಮನುಷ್ಯನಿಗೆ ಸಮ ಎಂಬ ಕಾನೂನು ಬಂದಾಗ ಅಲ್ಲಿಯವರು ಅಷ್ಟೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲಿಯವರೆಗೆ ಕಾರಿಗೇ ಮನುಷ್ಯನಿಗಿಂತ ಹೆಚ್ಚು ಜಾಗವಿತ್ತು. ಸಮ ಎಂದು ಸರ್ಕಾರ ಒಪ್ಪಿಕೊಂಡದ್ದೇ ಮನುಷ್ಯನಿಗೆ ಸಿಕ್ಕ ದೊಡ್ಡ ಬಡ್ತಿ.

ಕಾನೂನಿನ ಹಿಂದೆ ‘ನೆಲಲೆಕ್ಕ’ ಎಂಬ ಯಂತ್ರವಿತ್ತು. ನಗರದಲ್ಲಿ ಇನ್ನು ತುಂಬಲು ಜಾಗವಿಲ್ಲ ಎಂದಾದ ಮೇಲೆ, ಇದ್ದ ನೆಲವನ್ನೆಲ್ಲ ಅದು ಪಾಲು ಪಾಲಾಗಿ ಹಂಚಿಟ್ಟಿತ್ತು. ಒಳಗಿನವರು ಯಾರೋ ಸತ್ತರೆ ಅಥವಾ ಊರು ಬಿಟ್ಟರೆ ಒಂದು ಪಾಲು ಖಾಲಿ. ಆ ಗಳಿಗೆಯಲ್ಲೇ ಸಾಲಿನಲ್ಲಿ ಕಾಯುತ್ತಿರುವ ಮುಂದಿನವರಿಗೆ ಅದು ಹೋಗುತ್ತದೆ. ಬರುವವರ ಬಳಿ ಕಾರಿದ್ದರೆ ಅದಕ್ಕೂ ಒಂದು ಪಾಲು ಬೇಕು. ‘ಕಾರನ್ನು ಊರಲ್ಲಿ ಭಾವನ ಮನೆ ಮುಂದೆ ನಿಲ್ಲಿಸಿ ಬಂದಿದ್ದೇನೆ’ ಎಂದು ಹೇಳುವ ಹಾಗಿಲ್ಲ. ಮೊದಮೊದಲು ಎಲ್ಲರೂ ಹಾಗೆ ಹೇಳಿಯೇ ಒಳಗೆ ಬಂದು, ಹಬ್ಬಕ್ಕೆ ಹೋದವರು ಕಾರಿನಲ್ಲಿ ವಾಪಸಾಗುತ್ತಿದ್ದರು. ಆದ್ದರಿಂದ ಈಗ ಎರಡೇ ದಾರಿ: ಕಾರಿಗೂ ಪಾಲು ಸಿಗುವವರೆಗೆ ಕಾಯಬೇಕು, ಇಲ್ಲವೇ ಗಡಿಯಲ್ಲಿರುವ ಮುರಿಯುವ ಅಂಗಳಕ್ಕೆ ಕಾರನ್ನು ಒಪ್ಪಿಸಿ ಒಳಗೆ ಕಾಲಿಡಬೇಕು.

ಗದಗಿನ ಫಕ್ಕೀರೇಶನಿಗೆ ಸಿಕ್ಕಿದ್ದು ಎರಡೇ ಪಾಲು. ಒಂದು ಅವನದು, ಇನ್ನೊಂದು ಹೆಂಡತಿ ಕಸ್ತೂರಿಯದು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವುದು ಅವನ ಕೆಲಸ. ಕಸ್ತೂರಿಯ ಎರಡೂ ಕಿಡ್ನಿ ಕೆಟ್ಟು ವರ್ಷಗಳಾಗಿದ್ದವು. ವಾರಕ್ಕೆ ಮೂರು ಸಲ ಅವಳನ್ನು ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರೆದೊಯ್ದು ಕರೆತರುತ್ತಿದ್ದದ್ದು ಅವರ ಹಳೆಯ ಬಿಳಿ ಕಾರು. ಈಗ ಹುಬ್ಬಳ್ಳಿಯ ಡಾಕ್ಟರು ಅವಳ ಎರಡೂ ಕೈ ತಿರುಗಿಸಿ ನೋಡಿ, ಸೂಜಿ ಚುಚ್ಚಲು ಇನ್ನು ಸರಿಯಾದ ನರ ಉಳಿದಿಲ್ಲ ಎಂದಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಜೀವಕೋಶ ತೆಗೆದು ಗಾಜಿನ ತೊಟ್ಟಿಯಲ್ಲಿ ಹೊಸ ಕಿಡ್ನಿಯನ್ನೇ ಬೆಳೆಸುತ್ತಿದ್ದರು. ಅದು ಬಲಿಯಲು ಕೆಲವು ತಿಂಗಳು ಬೇಕು. ಆ ಭಾಗ್ಯ ನಗರದ ನಿವಾಸಿಗಳಿಗೆ ಮಾತ್ರ.

ಇಷ್ಟಾದ ಮೇಲೆ ಯೋಚಿಸುವುದೇನಿದೆ ಎಂದು ನಿಮಗನ್ನಿಸಬಹುದು. ಕಸ್ತೂರಿಗೆ ಹಾಗನ್ನಿಸಲಿಲ್ಲ.

“ಕಾರು ಕೊಟ್ಟು ಹೋದ್ವಿ ಅಂತ ತಿಳಕೊಳ್ರಿ,” ಎಂದಳು ಅವಳು, ರೊಟ್ಟಿ ಬಡಿಯುತ್ತಿದ್ದ ಗಂಡನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತು. ಅವಳು ಕಾಯಿಲೆ ಬಿದ್ದ ಮೇಲೆ ರೊಟ್ಟಿ ಅವನ ಪಾಲಿಗೇ ಬಂದಿತ್ತು, ಒಂದೂ ದುಂಡಗಾಗುತ್ತಿರಲಿಲ್ಲ. “ಅಲ್ಲಿ ಅವರು ಆಗೂದಿಲ್ಲ ಅಂದ್ರ? ವಾಪಸ್ ಬಂದು ಹುಬ್ಬಳ್ಳಿಗೆ ಹೆಂಗ ಹೋಗೂದು? ಬಸ್ಸಿನ್ಯಾಗ ಕುಂಡ್ರಾಕ ಆಕ್ಕೈತೇನ ನನಗ?”

“ಆಗೂದಿಲ್ಲ ಅಂತ ಯಾಕ ಅಂತಾರ? ಆಕ್ಕೈತಿ ಅಂದಾರಲ್ಲ.”

“ಅಂದಾರ, ಖರೆ. ಆದ್ರ ಕಾರಿದ್ರ ವಾಪಸ್ ಬರೂ ದಾರಿ ಇರತೈತಿ. ಇಲ್ಲಂದ್ರ ನಾ ಅಲ್ಲೇ…” ಎಂದು ನಿಲ್ಲಿಸಿ, “ಆ ರೊಟ್ಟಿ ಹೊತ್ತಾಕತ್ತೈತಿ ನೋಡ್ರಿ,” ಎಂದಳು.

ಅವನು ರೊಟ್ಟಿ ತಿರುವಿ ಹಾಕಿದ. ವಾಪಸ್ ಬರುವ ದಾರಿ ಇಟ್ಟುಕೊಂಡು ಹೋದರೆ ಹೋಗುವ ದಾರಿಯೇ ಸಿಗುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಆದರೆ ಅವನಿಗೂ ಹೆದರಿಕೆ ಇತ್ತು, ಮತ್ತು ಹೆದರಿಕೆ ಇರುವ ಇಬ್ಬರಲ್ಲಿ ಒಬ್ಬರಾದರೂ ಧೈರ್ಯದ ಮುಖ ಮಾಡಿಕೊಳ್ಳಬೇಕಲ್ಲ. “ಕಾರಿಗೂ ಪಾಲು ಕೇಳಿದ್ರ ಎರಡು ವರ್ಷ ಕಾಯಬೇಕಂತ. ನಿನ್ನ ಕೈ ಎರಡು ವರ್ಷ ಕಾಯೂದಿಲ್ಲ,” ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಮಾತ್ರೆ ಮುಗಿದದ್ದು ನೆನಪಾಗಿ ಅವನು ಕಿಟಕಿಯಿಂದಲೇ ಕಾರಿಗೆ ಕೂಗಿ ಹೇಳಿದ: “ಔಷಧಿ ಅಂಗಡಿಗೆ ಹೋಗಿ ಬಾ.” ಅದು, “ಆತ್ರಿ,” ಎಂದು ಹೊರಟಿತು. ಅರ್ಧ ಗಂಟೆಯಲ್ಲಿ ಮಾತ್ರೆಯ ಪೊಟ್ಟಣವನ್ನು ಸೀಟಿನ ಮೇಲೆ ಇಟ್ಟುಕೊಂಡು ವಾಪಸ್ ಬಂದು, ಬೇವಿನ ಮರದ ಕೆಳಗೆ ತನ್ನ ಜಾಗದಲ್ಲೇ ನಿಂತಿತು. ಆ ಕಾಲದ ಕಾರುಗಳು ಹಾಗೆ. ಕಳ್ಳರು ಅವುಗಳ ಮಿದುಳಿಗೆ ಕನ್ನ ಹಾಕಲು ಕಲಿತ ಮೇಲೆ, ತಯಾರಿಸುವವರು ಒಡೆಯನ ದನಿಯನ್ನೇ ಬೀಗ ಮಾಡಿಟ್ಟಿದ್ದರು. ಒಡೆಯ ಬಾಯಿಬಿಟ್ಟು ಹೇಳಿದ್ದನ್ನು ಒಡೆಯನೇ ಬಾಯಿಬಿಟ್ಟು ಬೇಡ ಎನ್ನುವವರೆಗೆ ಪೊಲೀಸರು ಹೇಳಿದರೂ ಅವು ಮೀರುತ್ತಿರಲಿಲ್ಲ.

ಕಸ್ತೂರಿ ಕಾರನ್ನು ನೋಡಿದಳು, ಮಾತ್ರೆಯನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು. “ಕೊಟ್ಟುಬಿಡೂಣು,” ಎಂದಳು.

ಗಡಿಯ ಅಂಗಳ ತುಮಕೂರು ರಸ್ತೆಯಲ್ಲಿತ್ತು. ಒಪ್ಪಿಸಲು ಬಂದ ಕಾರುಗಳು ಸಾಲಾಗಿ ನಿಂತಿದ್ದವು. ಒಬ್ಬಾತ ತನ್ನ ಕಾರಿನ ಸ್ಟೀರಿಂಗಿಗೆ ಕಟ್ಟಿದ್ದ ದಾರ ಬಿಚ್ಚಿಕೊಳ್ಳುತ್ತಿದ್ದ. ಒಬ್ಬ ಹೆಂಗಸು ಡಿಕ್ಕಿಯಿಂದ ಕುಕ್ಕರು ತೆಗೆದು ಪಕ್ಕಕ್ಕಿಡುತ್ತಿದ್ದಳು. ಅಲ್ಲಿನ ಕೆಲಸಗಾರ ಫಕ್ಕೀರೇಶನಿಗೆ, “ಸಾರ್, ನೀವೇ ಹೇಳಿ ಒಳಕ್ಕೆ ಕಳಿಸ್ಬೇಕು. ನಾವು ಹೇಳಿದ್ರೆ ಅದು ಅಲ್ಲಾಡಲ್ಲ,” ಎಂದ.

ಫಕ್ಕೀರೇಶ ಬಾನೆಟ್ಟಿನ ಮೇಲೆ ಕೈಯಿಟ್ಟ. ದಾರಿಯುದ್ದಕ್ಕೂ ಬಿಸಿಲಲ್ಲಿ ಬಂದ ಕಾರು ಸುಡುತ್ತಿತ್ತು. “ಒಳಗ…” ಎಂದು ಶುರುಮಾಡಿದ.

“ಬರೇ ‘ಹೋಗು’ ಅನಬ್ಯಾಡ್ರಿ,” ಎಂದಳು ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಕಸ್ತೂರಿ. “ಮನಿಯಿಂದ ಹೊಂಟವರಿಗೆ ಯಾರರ ಹಂಗ ಅಂತಾರೇನು? ಇಷ್ಟು ವರ್ಷ ನನ್ನ ಹೊತಗೊಂಡು ತಿರುಗೈತಿ.”

ಅವನಿಗೂ ಅದೇ ಸರಿ ಎನ್ನಿಸಿತು. ಶಾಲೆಗೆ ಹೋಗುವ ಹುಡುಗಿಗೂ ಗಂಡನ ಮನೆಗೆ ಹೊರಟ ಮಗಳಿಗೂ ನಮ್ಮಲ್ಲಿ ಯಾರೂ ಬರಿದೇ ‘ಹೋಗು’ ಎನ್ನುವುದಿಲ್ಲ. ಹೋಗು ಎಂದರೆ ಆಮೇಲೆ ಬರಬೇಡ ಎಂದ ಹಾಗೆ. ಬಾಯಿಗೆ ಅದು ಬರುವುದೇ ಇಲ್ಲ. ಬಂದರೂ ಹಿರಿಯರು ಬೈದು ತಿದ್ದಿಸುತ್ತಾರೆ. ಫಕ್ಕೀರೇಶ ಕಾರನ್ನು ಎರಡು ಸಲ ತಟ್ಟಿ, “ಒಳಗ ಹೋಗಿ ಬಾರಪ್ಪಾ,” ಎಂದ.

“ಆತ್ರಿ,” ಎಂದು ಕಾರು ಒಳಗೆ ಹೋಯಿತು. ಅಂಗಳದ ಬಾಗಿಲು ಮುಚ್ಚಿತು. ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಅವರಿಗೆ ಸಿಕ್ಕ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಆದರೆ ಒಂದು ಪುಟ್ಟ ಬಾಲ್ಕನಿ ಇತ್ತು, ಮತ್ತು ಆಸ್ಪತ್ರೆಗೆ ನಡೆದು ಹೋಗಬಹುದಿತ್ತು. ಫಕ್ಕೀರೇಶನಿಗೆ ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಗಾಳಿಯಂತ್ರಗಳ ಕೆಲಸ ಸಿಕ್ಕಿತು. ಆಸ್ಪತ್ರೆಯವರು ಕಸ್ತೂರಿಯ ಸೊಂಟದಿಂದ ಚೂರು ಮಾಂಸ ತೆಗೆದು ತೊಟ್ಟಿಯಲ್ಲಿ ಹಾಕಿದರು. ಎರಡನೇ ವಾರ ನರ್ಸು ಅವರಿಬ್ಬರನ್ನೂ ಕರೆದು ತೋರಿಸಿದಳು. ಹಳದಿ ದೀಪದ ಕೆಳಗೆ, ನೀರಿನಲ್ಲಿ, ಏನೋ ಒಂದು ಇತ್ತು.

“ಅವರೆಕಾಳಿನಷ್ಟೈತಿ,” ಎಂದಳು ಕಸ್ತೂರಿ. ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು. “ಇದು ನಂದಾ?”

“ನಿಮ್ದೇ ಕಣಮ್ಮ. ನಿಮ್ಮ ಹೆಸರು ಬರೆದಿದೆ ನೋಡಿ,” ಎಂದಳು ನರ್ಸು.

ಗಂಡಹೆಂಡತಿಗೆ ಮಕ್ಕಳಿರಲಿಲ್ಲ. ವಾಪಸ್ ಬರುವಾಗ ಕಸ್ತೂರಿ, ಅದು ಎಡಕ್ಕೆ ಸ್ವಲ್ಪ ವಾಲಿದೆ, ನಿಮ್ಮ ಹಾಗೆ, ಎಂದು ಗಂಡನನ್ನು ಛೇಡಿಸಿದಳು. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು. ಇಬ್ಬರೂ ಬೀದಿಯಲ್ಲಿ ನಿಂತು ಮಂಡಕ್ಕಿ ತಿಂದರು. ಅವಳು ತಿನ್ನಬಾರದಿತ್ತು, ಎರಡೇ ಕಾಳು ಬಾಯಿಗೆ ಹಾಕಿಕೊಂಡಳು.

ಅತ್ತ ಗಡಿಯ ಅಂಗಳದಲ್ಲಿ, ನಮ್ಮ ಸರ್ಕಾರಿ ಕೆಲಸಗಳ ಎಂದಿನ ವೇಗದಲ್ಲಿ, ಕಾರುಗಳ ಸಾಲು ಮುಂದೆ ಸರಿಯುತ್ತಿತ್ತು. ಬಿಳಿ ಕಾರಿನ ಸರದಿ ಬರಲು ಇಷ್ಟು ದಿನ ಹಿಡಿಯಿತು. ಅದರ ಒಳಬರುವಿಕೆಯನ್ನು ಅಂಗಳದ ಯಂತ್ರ ದಾಖಲು ಮಾಡಿಕೊಂಡಿತು. ಅಲ್ಲಿಗೆ ಒಡೆಯ ಹೇಳಿದ್ದರಲ್ಲಿ ‘ಹೋಗಿ’ ಮುಗಿಯಿತು. ಉಳಿದದ್ದು ‘ಬಾ’. ಒಡೆಯನ ಮಾತು ಬಾಕಿಯಿರುವ ಕಾರನ್ನು ಮುರಿಯುವ ಯಂತ್ರ ಮುಟ್ಟುವಂತಿರಲಿಲ್ಲ, ಗೇಟು ತಡೆಯುವಂತಿರಲಿಲ್ಲ. ಅದು ಹಿಂದಕ್ಕೆ ತಿರುಗಿ, ಫಕ್ಕೀರೇಶನ ಫೋನು ಎಲ್ಲಿದೆ ಎಂದು ಹುಡುಕಿಕೊಂಡು, ಸಿಗ್ನಲ್ಲುಗಳಲ್ಲಿ ಸಭ್ಯವಾಗಿ ನಿಲ್ಲುತ್ತ ನಗರದೊಳಗೆ ಬಂತು.

ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದ ಕಸ್ತೂರಿ ಕೆಳಗೆ ನೋಡಿ ಚೀರಿದಳು. “ರೀ! ಬರ್ರಿ ಇಲ್ಲಿ! ನಮ್ಮ ಗಾಡಿ!”

ಕಾರಿನ ವೈಪರಿನಲ್ಲಿ ಗದಗಿನ ಬೇವಿನ ಎಲೆ ಇನ್ನೂ ಸಿಕ್ಕಿಕೊಂಡಿತ್ತು. ಕಸ್ತೂರಿ ನಕ್ಕಳು, ಬಾಲ್ಕನಿಯ ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಫಕ್ಕೀರೇಶನೂ ನಕ್ಕ. ಆಗಲೇ ಅವನ ಫೋನಿಗೆ ನೆಲಲೆಕ್ಕದ ಸಂದೇಶ ಬಂತು. ಮನೆಯ ಪಾಲು ಎರಡು, ಇರುವವರು ಮೂರು: ಫಕ್ಕೀರೇಶ, ಕಾರು, ಕಸ್ತೂರಿ. ಕಾರು ಅವನ ಹೆಸರಿನಲ್ಲಿದ್ದುದರಿಂದ ಅವನ ಹಿಂದೆ ಅದು, ಕೊನೆಗೆ ಅವಳು. ಕೊನೆಯವರ ನಿವಾಸ ರದ್ದಾಗಿತ್ತು. ಅವಳ ಪಾಲು ನೆಲವನ್ನು ಕಾರಿಗೆ ಬರೆಯಲಾಗಿತ್ತು.

ಅವನು ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದ. “ಹೋಗು!” ಎಂದು ಕಾರಿಗೆ ಅರಚಿದ. “ವಾಪಸ್ ಹೋಗು! ಬರಬ್ಯಾಡ! ಯಾವತ್ತೂ ಬರಬ್ಯಾಡ!” ಜೀವಮಾನದಲ್ಲಿ ಅವನು ಯಾರಿಗೂ ಹಾಗೆ ಹೇಳಿರಲಿಲ್ಲ. ಕಾರು, “ಆತ್ರಿ,” ಎಂದಿತು, ಆದರೆ ಕದಲಲಿಲ್ಲ. ಪಾಲು ಪಡೆದ ಕಾರನ್ನು ಅಂಗಳದ ಗೇಟು ಇನ್ನು ಒಳಗೆ ಬಿಡುವುದಿಲ್ಲ, ಅದಕ್ಕೆ ಹೊಸದಾಗಿ ಅರ್ಜಿ ಹಾಕಬೇಕು ಎಂದು ಅದು ನಯವಾಗಿಯೇ ತಿಳಿಸಿತು.

ನೆಲಲೆಕ್ಕದ ನಿಯಂತ್ರಣ ಕೊಠಡಿಯಲ್ಲಿ ಅವನ ದೂರು ಕೇಳಿಸಿಕೊಂಡವಳು ವಾರಿಜಾ. ಕೋಲಾರದವಳು, ಆ ಕೊಠಡಿಯಲ್ಲಿ ದೂರುಗಳನ್ನು ಪೂರ್ತಿ ಓದುವ ಒಬ್ಬಳೇ ಉದ್ಯೋಗಿ. ಗೋಡೆಯಗಲದ ಪರದೆಯ ಮೇಲೆ ನಗರ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತಿತ್ತು. ಅವಳ ಎದುರಿನ ಕುರ್ಚಿಯಲ್ಲಿ ಫಕ್ಕೀರೇಶ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೆಲಸದಿಂದ ನೇರ ಬಂದಿದ್ದ. ಅವಳು ಅಂಗಳದ ಧ್ವನಿಮುದ್ರಿಕೆ ಹಾಕಿದಳು. ‘ಒಳಗ ಹೋಗಿ ಬಾರಪ್ಪಾ.’

ವಾರಿಜಾ ತಡೆಯಲಾರದೆ ನಕ್ಕುಬಿಟ್ಟಳು, ಮರುಕ್ಷಣ ಬಾಯಿ ಮುಚ್ಚಿಕೊಂಡಳು. “ಅಯ್ಯೋ, ಕ್ಷಮಿಸಿ ಸಾರ್. ನಮ್ಮಮ್ಮಾನೂ ಹಿಂಗೇ. ನಾನು ‘ಹೋಗ್ತೀನಿ’ ಅಂದ್ರೆ ಮತ್ತೆ ಒಳಗೆ ಕರೆದು, ನೀರು ಕುಡಿಸಿ, ‘ಹೋಗಿ ಬರ್ತೀನಿ’ ಅನ್ನಿಸಿ ಕಳಿಸ್ತಾರೆ.”

“ಹಂಗಾದ್ರ ನಿಮಗ ತಿಳೀತಲ್ರೀ,” ಎಂದ ಫಕ್ಕೀರೇಶ. “ಅದಕ್ಕ ಹೇಳ್ರಿ. ನಾ ಬಾ ಅಂದಿಲ್ಲಂತ ಹೇಳ್ರಿ.”

“ಹೇಳ್ತೀನಿ. ಆದ್ರೆ…” ಅವಳು ಪರದೆ ನೋಡಿದಳು. “ನಿಮ್ಮ ಮನೆಯವರ ಪಾಲು ಕಾರಿಗೆ ಹೋಗಿದೆ. ಕಾರನ್ನ ತೆಗೆದ್ರೆ ಆ ಪಾಲು ನಿಮಗೆ ಬರಲ್ಲ, ಸಾಲಲ್ಲಿ ಮೊದಲಿರೋರಿಗೆ ಹೋಗುತ್ತೆ.”

“ನನ್ನ ತಗದುಬಿಡ್ರಿ. ನಾ ಹೊರಗಿರ್ತೀನಿ, ಆಕೀನ ಇಟಗೊಳ್ರಿ.”

“ಜೊತೆಗಾರರು ನಿವಾಸಿ ಆಗಿಲ್ದಿದ್ರೆ ರೋಗಿಗೆ ಹಾಸಿಗೆ ಕೊಡಲ್ಲ ಸಾರ್.” ಇದನ್ನು ಹೇಳುವಾಗ ವಾರಿಜಾಳಿಗೆ ತನ್ನ ಕೆಲಸದ ಮೇಲೇ ಅಸಹ್ಯ ಬಂತು.

ಅವಳು ಸುಮ್ಮನೆ ಕೂರಲಿಲ್ಲ. ಮೇಲಿನವರ ಕೋಣೆಗೆ ಎರಡು ಸಲ ಹೋದಳು, ಒಂದು ಸಲ ಕಿರುಚಾಡಿದಳು. ಕೊನೆಗೆ ಒಂದು ಏರ್ಪಾಡು ಮಾಡಿಕೊಂಡು ಬಂದಳು. ಕಸ್ತೂರಿಗೆ ರೋಗಿಗಳ ಸಾಲಿನಲ್ಲಿ ಒಂದು ಸ್ಥಾನ. ಸರದಿ ಬರಲು ಮೂರು ತಿಂಗಳು. ಅಲ್ಲಿಯವರೆಗೆ ಗಂಡಹೆಂಡತಿ ತಮ್ಮ ಊರಲ್ಲಿರಬೇಕು. ಫಕ್ಕೀರೇಶನ ಪಾಲು ಅವನ ಹೆಸರಲ್ಲೇ ಇರುತ್ತದೆ. ಸಾಲಿನ ಸ್ಥಾನ ಇರುವವರೆಗೆ ಆಸ್ಪತ್ರೆಯವರು ತೊಟ್ಟಿಯ ದೀಪ ಆರಿಸುವುದಿಲ್ಲ, ಅವರೆಕಾಳು ಬೆಳೆಯುತ್ತಲೇ ಇರುತ್ತದೆ.

“ಮೂರು ತಿಂಗಳು ಹೆಂಗರ ಹುಬ್ಬಳ್ಳ್ಯಾಗ ತಳ್ಳೂಣು,” ಎಂದ ಅವನು. ಹೇಳುವಾಗ ಕಸ್ತೂರಿಯ ಕೈಯ ನರಗಳು ನೆನಪಾದವು.

“ಒಂದು ಮಾತು ನೆನಪಿಡಿ. ನಗರ ಬಿಡುವಾಗ ಗಡಿ ಗೇಟು ಕೇಳುತ್ತೆ. ಮರಳಿ ಬರೋ ಉದ್ದೇಶ ಇದೆ ಅಂತ ರೋಗಿ ತಮ್ಮ ಬಾಯಿಂದಲೇ ಹೇಳ್ಬೇಕು. ಹೇಳಿದ್ರೆ ಸ್ಥಾನ ಉಳಿಯುತ್ತೆ, ಇಲ್ಲಾಂದ್ರೆ ಮುಂದಿನವರಿಗೆ. ಅಷ್ಟೇ. ಸುಲಭ.”

ಅವನು ಹೋದ ಮೇಲೆ ವಾರಿಜಾ ಇನ್ನೊಂದು ಕೆಲಸ ಮಾಡಿದಳು. ಈ ಅನ್ಯಾಯ ಇನ್ನೊಬ್ಬರಿಗೆ ಆಗಬಾರದು ಎಂದು ಅವಳಿಗೆ ಮನಸಾರೆ ಅನ್ನಿಸಿತ್ತು. ನೆಲಲೆಕ್ಕಕ್ಕೆ ಕನ್ನಡ ಕಲಿಸುವ ವಿಭಾಗಕ್ಕೆ ಒಂದು ತಿದ್ದುಪಡಿ ಬರೆದು ಕಳಿಸಿದಳು: ‘ಹೋಗಿ ಬಾ, ಹೋಗಿ ಬನ್ನಿ, ಹೋಗಿ ಬರುತ್ತೇನೆ, ಹೋಗಿ ಬರುತ್ತೇವೆ, ಇವು ಮತ್ತು ಇವುಗಳ ಎಲ್ಲ ಪ್ರಾದೇಶಿಕ ರೂಪಗಳು ಬೀಳ್ಕೊಡುವ ಶಿಷ್ಟಾಚಾರದ ಮಾತುಗಳು ಮಾತ್ರ. ಮರಳಿ ಬರುವ ಸೂಚನೆ ಎಂದು ತಿಳಿಯತಕ್ಕದ್ದಲ್ಲ.’ ಅವಳ ಸೇವಾವಧಿಯಲ್ಲಿ ಯಾವ ಟಿಪ್ಪಣಿಯೂ ಒಂದು ವಾರದೊಳಗೆ ಮೇಲಕ್ಕೆ ಹೋದದ್ದಿಲ್ಲ. ಇದು ಮಾತ್ರ ಸಂಜೆಗೇ ಒಪ್ಪಿಗೆಯಾಗಿ ಬಂತು, ಜೊತೆಗೆ ಒಂದು ಅಭಿನಂದನೆಯೂ. ಮರುದಿನದಿಂದ ಎಲ್ಲ ಕಡೆ ಜಾರಿ. ವಾರಿಜಾ ಮನೆಗೆ ಹೋಗುವಾಗ ಅಮ್ಮನಿಗೆ ಜಿಲೇಬಿ ಕಟ್ಟಿಸಿಕೊಂಡು ಹೋದಳು.

ಮರುದಿನವೇ ಫಕ್ಕೀರೇಶ, ಕಸ್ತೂರಿ ಇಬ್ಬರೂ ಹೊರಟರು. ಹೊರಡುವ ಮೊದಲು ಕಸ್ತೂರಿ ಆಸ್ಪತ್ರೆಗೆ ಹೋಗಿ ತೊಟ್ಟಿ ನೋಡಿಕೊಂಡು ಬಂದಳು. ಈಗ ಅದು ಹುಣಸೆ ಬೀಜದಷ್ಟಾಗಿತ್ತು. ನರ್ಸಿಗೆ ಗೊತ್ತಾಗದ ಹಾಗೆ ಗಾಜಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ಒರಗಿಕೊಂಡಿದ್ದಳು. ಡಯಾಲಿಸಿಸ್ ಆಗಿ ಎರಡು ದಿನ ಕಳೆದಿತ್ತು, ಕಾಲು ಊದಿತ್ತು, ಉಸಿರು ಎಳೆಯುವುದು ಮುಂದಿನ ಸೀಟಿಗೂ ಕೇಳಿಸುತ್ತಿತ್ತು. ಫಕ್ಕೀರೇಶ ದಾರಿಯುದ್ದಕ್ಕೂ ಹೇಳಿಕೊಡುತ್ತ ಬಂದ. “ಅದು ಕೇಳಿದ್ರ ಹೇಳಬೇಕು ನೋಡು. ಬರ್ತೀವಿ ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ನ ತಲಿ ಅಲ್ಲಾಡಿಸಬ್ಯಾಡ.”

“ಹೇಳ್ತೀನಿ ಮಾರಾಯ್ರ. ನಾ ಏನು ಸಣ್ಣ ಹುಡುಗಿ ಏನು?”

ಗೇಟಿನ ಬಳಿ ಕಾರು ನಿಂತಿತು. ಕಿಟಕಿಯ ಗಾಜು ತಾನಾಗಿ ಇಳಿಯಿತು. ಕಂಬದ ಮೇಲಿನ ಪುಟ್ಟ ಪೆಟ್ಟಿಗೆಯಿಂದ ಹೆಣ್ಣುದನಿ ಮಾತಾಡಿತು. “ಕಸ್ತೂರಿಯವರೇ, ನೀವು ನಗರವನ್ನು ಬಿಡುತ್ತಿದ್ದೀರಿ. ಮರಳುವ ಉದ್ದೇಶವಿದ್ದಲ್ಲಿ ದಯವಿಟ್ಟು ತಿಳಿಸಿ.”

ಫಕ್ಕೀರೇಶ ತಿರುಗಿ ಹೆಂಡತಿಯನ್ನು ನೋಡಿದ. ಕಸ್ತೂರಿ ಮೊಣಕೈ ಊರಿ, ಮೈಯನ್ನೆಲ್ಲ ಎತ್ತಿಕೊಂಡು, ಕಿಟಕಿಯವರೆಗೆ ಮುಖ ತಂದಳು. ಅವಳು ಆ ಮಾತನ್ನು ಹುಟ್ಟಿದಾರಭ್ಯ ಸಾವಿರ ಸಲ ಹೇಳಿದ್ದಳು. ಒಂದು ಸಲವೂ ಇಷ್ಟು ಮನಸ್ಸಿಟ್ಟು, ಪ್ರತಿ ಅಕ್ಷರವೂ ನಿಜವಾಗಲಿ ಎಂದು ಬೇಡಿಕೊಂಡು ಹೇಳಿರಲಿಲ್ಲ.

“ಹೋಗಿ ಬರ್ತೀವ್ರೀ,” ಎಂದಳು.

ಪೆಟ್ಟಿಗೆ, “ಧನ್ಯವಾದಗಳು. ನಿಮ್ಮ ಮಾತು ದಾಖಲಾಗಿದೆ. ಪ್ರಯಾಣ ಸುಖಕರವಾಗಿರಲಿ,” ಎಂದಿತು. ಗೇಟು ತೆರೆಯಿತು.

ನಿಯಂತ್ರಣ ಕೊಠಡಿಯಲ್ಲಿ ವಾರಿಜಾಳ ಪರದೆಯ ಮೂಲೆಯಲ್ಲಿ ಒಂದು ಸಾಲು ಹಸಿರಾಯಿತು. ‘ತಿದ್ದುಪಡಿ ಯಶಸ್ವಿ. ಶಿಷ್ಟಾಚಾರದ ವಿದಾಯ. ಮರಳುವ ಉದ್ದೇಶ: ಇಲ್ಲ.’ ಅವಳು ಖುಷಿಯಿಂದ ಹೆಸರೇನೆಂದು ನೋಡಿದಳು. ಹೆಸರು ಕಸ್ತೂರಿಯದಾಗಿತ್ತು. ಸಾಲಿನಲ್ಲಿ ಕಸ್ತೂರಿಯ ಜಾಗಕ್ಕೆ ಆಗಲೇ ಚಳ್ಳಕೆರೆಯ ಒಬ್ಬ ಹುಡುಗಿಯ ಹೆಸರು ಬಂದಿತ್ತು, ವಯಸ್ಸು ಹನ್ನೊಂದು. ಅವಳ ಮನೆಗೆ ಸಂದೇಶವೂ ಹೋಗಿತ್ತು. ಆ ಮನೆಯಲ್ಲಿ ಈಗ ಯಾರೋ ದೇವರ ಮುಂದೆ ದೀಪ ಹಚ್ಚುತ್ತಿರಬೇಕು. ಇದನ್ನು ಹಿಂದಕ್ಕೆ ತಿರುಗಿಸುವ ಗುಂಡಿ ವಾರಿಜಾಳ ಬೆರಳಿನ ಹತ್ತಿರವೇ ಇತ್ತು, ಆದರೆ ಒತ್ತಿದರೆ ಆ ಹುಡುಗಿಯ ಹೆಸರು ಅಳಿಯುತ್ತಿತ್ತು. ಅವಳು ಅದನ್ನು ಒತ್ತದೆ ಆಸ್ಪತ್ರೆಗೆ ಫೋನು ಮಾಡಿದಳು. ತೊಟ್ಟಿ ತೊಳೆದಿಟ್ಟಾಯಿತು ಮೇಡಂ, ಅದೆಲ್ಲ ತಾನಾಗೇ ಆಗುತ್ತದೆ, ಎಂದರು ಅಲ್ಲಿಯವರು. ಆಮೇಲೆ ಅವಳು ಫಕ್ಕೀರೇಶನ ನಂಬರು ತೆಗೆದು ಇಟ್ಟುಕೊಂಡು ಕೂತಳು. ಹೇಗೆ ಶುರುಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹೊರಗೆ ರಸ್ತೆ ಖಾಲಿಯಿತ್ತು. ಫಕ್ಕೀರೇಶ ಉಸಿರು ಬಿಟ್ಟು ಸೀಟಿಗೆ ಒರಗಿದ. ಹಿಂದಿನಿಂದ ಕಸ್ತೂರಿ ಅವನ ಭುಜದ ಮೇಲೆ ಕೈಯಿಟ್ಟಳು. ಊದಿದ ಕೈ ಭಾರವಾಗಿತ್ತು, ಬೆಚ್ಚಗಿತ್ತು.

“ಎಷ್ಟು ಚಂದ ಮಾತಾಡ್ತು ನೋಡ್ರಿ,” ಎಂದಳು. “ಈ ಸಲ ಅದಕ್ಕ ನಮ್ಮ ಮಾತು ತಿಳೀತು.”

“ಹೂಂ,” ಎಂದ ಅವನು. “ತಿಳೀತು.”

“ಮನಿಗೇನ್ರಿ?” ಎಂದು ಕೇಳಿತು ಕಾರು.